ನೆಲದ ರಂಗೋಲಿ, ಊರಿನ ಗೋಡೆ: ಕೋಲಾರ ಗಣಿನಾಡಿನಿಂದ ನೋಡಿದ ಮಹಿಳಾ ನೇತೃತ್ವದ ಸಮುದಾಯ ಕಲೆ

ಕೋಲಾರ ಚಿನ್ನದ ಗಣಿಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಆಳದ ಲೆಕ್ಕದಲ್ಲಿ ಓದುತ್ತೇವೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗಿಳಿಯಿತು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈ ಲೆಕ್ಕವೆಲ್ಲ ಗಂಡಸರದು. ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ ಜಾನಕಿ ನಾಯರ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ದುಡಿಮೆಯ ಜೊತೆಗೆ ಕಾರ್ಮಿಕರ ಸಂಸ್ಕೃತಿಯನ್ನೂ ಚರ್ಚೆಗೆ ತಂದಿತು. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟರೆ ಎದುರಾಗುವ ಪ್ರಶ್ನೆ: ಈ ಊರಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಚಿತ್ರ ಬರೆದವರು ಯಾರು?

ಹೆಂಗಸರು. ಆದರೆ ಬರೆದದ್ದು ನೆಲದ ಮೇಲೆ. ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಗಣಿಗೆ ಬಂದ ಕುಟುಂಬಗಳಲ್ಲಿ ಹೆಚ್ಚಿನವು ದಲಿತ ಕುಟುಂಬಗಳು. ಅವು ಬದುಕಿದ್ದು ಕಂಪನಿಯ ಲೈನುಗಳಲ್ಲಿ; ಸೂರು, ಗೋಡೆ, ಓಣಿ ಎಲ್ಲ ಕಂಪನಿಯ ಸ್ವತ್ತು. ಕಂಪನಿ ಕೂಲಿಯವನ ಬೆರಳಚ್ಚನ್ನೂ ದಾಖಲೆಗೆ ಸೇರಿಸಲು ಹೊರಟಾಗ 1930ರಲ್ಲಿ ಕಾರ್ಮಿಕರು ಗಣಿಯನ್ನೇ ನಿಲ್ಲಿಸಿದರು. ಅಂಥ ಜಾಗದಲ್ಲಿ ಯಾರ ಅಪ್ಪಣೆಯೂ ಬೇಡದೆ ಚಿತ್ರ ಬರೆಯಲು ಉಳಿದದ್ದು ಹೊಸ್ತಿಲ ಮುಂದಿನ ಒಂದೆರಡು ಮಾರು ನೆಲ. ಚುಕ್ಕಿಯಿಟ್ಟು ಎಳೆ ಸುತ್ತುವ ಕೋಲ ತಮಿಳು ಮನೆಗಳಲ್ಲಿ, ಮುಗ್ಗು ತೆಲುಗು ಮನೆಗಳಲ್ಲಿ, ರಂಗೋಲಿ ಕನ್ನಡದ ಮನೆಗಳಲ್ಲಿ. ಮೂರು ಭಾಷೆ ಬೆರೆತ ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳಲ್ಲಿ ಒಂದು ಮನೆಯ ವಿನ್ಯಾಸ ಪಕ್ಕದ ಮನೆಗೆ ದಾಟಲು ಅನುವಾದ ಬೇಕಿರಲಿಲ್ಲ. ಸಂಕ್ರಾಂತಿ, ಪೊಂಗಲ್ ಹೊತ್ತಿಗೆ ಓಣಿ ತುಂಬ ಬರೆಯುವಾಗ ಯಾರು ಎಳೆ ಶುರುಮಾಡಬೇಕು, ಎಲ್ಲಿ ಕೂಡಿಸಬೇಕು ಎಂದು ಹೇಳುವ ಹಿರಿಯ ಹೆಂಗಸಿಗೆ ನಾಯಕಿ ಎಂಬ ಬಿರುದು ಯಾರೂ ಕೊಡಲಿಲ್ಲ. ಮಧ್ಯಾಹ್ನಕ್ಕೆ ಅಳಿಸಿಹೋಗುವುದು ಕಡತ ಸೇರುವುದಿಲ್ಲ. ಕಲಾ ಚರಿತ್ರೆಯ ವಿಧಾನಕ್ಕೆ ಇದು ನಿಜವಾದ ತೊಡಕು.

ಗೋಡೆಯ ಕಥೆ ಬೇರೆ. ಮಲೆನಾಡಿನ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ತಮ್ಮ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆದರು, ಏಕೆಂದರೆ ಗೋಡೆ ಅವರದು. ಲೈನು ಮನೆಯವಳಿಗೆ ಆ ಅನುಕೂಲ ಇರಲಿಲ್ಲ. ಸಾರ್ವಜನಿಕ ಕಲೆಯ ನೇತೃತ್ವ ಪ್ರತಿಭೆಯಷ್ಟೇ ಜಾಗದ ಹಕ್ಕಿನ ಮೇಲೂ ನಿಂತಿದೆ ಎಂಬುದು ಈ ಲೇಖನದ ವಾದ.

ಸಮುದಾಯ ಕಲೆಯ ಸಂಘಟಿತ ಯತ್ನಗಳನ್ನು ನೋಡಲು ಬೆಂಗಳೂರಿಗೇ ಹೋಗಬೇಕು. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಹೋಗುವ ರೈಲು ಗಣಿ ಮುಚ್ಚಿದ ಮೇಲೆ ಈ ಊರಿನ ದುಡಿಯುವವರನ್ನು ದಿನವೂ ಅತ್ತ ಒಯ್ಯುತ್ತಿದೆ. ಕಲೆಯ ಮಾತೂ ಅದೇ ಹಳಿಯ ಮೇಲಿದೆ. 1999ರಲ್ಲಿ ಕಲಾವಿದೆ ಪುಷ್ಪಮಾಲಾ ಎನ್. ರೂಪಿಸಿದ ‘ಸ್ಥಳ ಪುರಾಣಗಳು’ ಎಂಬ ಯೋಜನೆ ಕಲಾಕೃತಿಯನ್ನು ಗ್ಯಾಲರಿಯಿಂದ ಊರಿನ ಜಾಗಗಳಿಗೆ ತಂದಿತು. 2013ರಲ್ಲಿ ಎಂ.ಜಿ. ರಸ್ತೆಯಲ್ಲಿ ತೆರೆದ ರಂಗೋಲಿ ಮೆಟ್ರೋ ಕಲಾ ಕೇಂದ್ರಕ್ಕೆ ಕಲಾವಿದೆ ಸುರೇಖಾ ಕ್ಯುರೇಟರ್ ಆದರು. ಅಂಗಳದ ಹೆಸರು ಸರ್ಕಾರಿ ಫಲಕಕ್ಕೆ ಏರಿತು. ಅಂಗಳದವರು ಏರಿದರೇ ಎಂಬ ಅನುಮಾನ ನನಗೆ ಇದ್ದೇ ಇದೆ.

ಜನರೇ ಗೋಡೆ ಏರುವುದಕ್ಕೆ ಹೆಚ್ಚು ಹತ್ತಿರ ಬಂದದ್ದು ಕಲಾವಿದೆ ಪೂರ್ಣಿಮಾ ಸುಕುಮಾರ್ 2016ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಅರವಾಣಿ ಆರ್ಟ್ ಪ್ರಾಜೆಕ್ಟ್. ಇಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಚಿತ್ರದ ವಸ್ತುವಾಗಿ ಗೋಡೆಯ ಮೇಲೆ ಉಳಿಯಲಿಲ್ಲ, ಕುಂಚ ಹಿಡಿದು ಏಣಿ ಹತ್ತಿದರು. ಹಗಲಿನಲ್ಲಿ ರಸ್ತೆಯಲ್ಲಿ ನಿಂತರೆ ಬೈಸಿಕೊಳ್ಳುತ್ತಿದ್ದವರು ಗಂಟೆಗಟ್ಟಲೆ ಅಲ್ಲಿಯೇ ಕೆಲಸ ಮಾಡುತ್ತಾರೆ. ಹೋಗಿಬರುವವರು ನಿಂತು ಮಾತಾಡಿಸುತ್ತಾರೆ. ಬಣ್ಣ ಒಣಗುವ ಮೊದಲೇ ಆಗುವ ಈ ಮಾತುಕತೆಯನ್ನು ನಾನು ಚಿತ್ರಕ್ಕಿಂತ ಮುಖ್ಯ ಎಂದು ಎಣಿಸುತ್ತೇನೆ. 2024ರ ವೆನಿಸ್ ಬಿಯೆನಾಲೆಗೂ ಈ ಗುಂಪು ಹೋಯಿತು.

ಹೊರಗಿನ ಎರಡು ಉದಾಹರಣೆಗಳು ಬಂಗಾರಪೇಟೆಗೆ ನೇರವಾಗಿ ಸಲ್ಲುತ್ತವೆ. ಲಾಸ್ ಏಂಜಲೀಸ್‌ನಲ್ಲಿ ಕಲಾವಿದೆ ಜೂಡಿತ್ ಬಾಕಾ ನೆರೆನೀರಿನ ಕಾಲುವೆಯ ಕಾಂಕ್ರೀಟ್ ಗೋಡೆಯ ಮೇಲೆ 1976ರಲ್ಲಿ ಬರೆಸಲು ತೊಡಗಿದ ‘ಗ್ರೇಟ್ ವಾಲ್’ ಸುಮಾರು ಅರ್ಧ ಮೈಲಿ ಉದ್ದದ್ದು. ಸ್ಥಳೀಯ ಚರಿತ್ರೆಯಲ್ಲಿ ಹೆಸರಿಲ್ಲದವರ ಕಥೆ ಅದು. ಬರೆದವರು ನಾನೂರಕ್ಕೂ ಹೆಚ್ಚು ಹುಡುಗ ಹುಡುಗಿಯರು, ಹಲವರು ಬಾಲನ್ಯಾಯ ವ್ಯವಸ್ಥೆಯಿಂದ ಬಂದವರು, ಬೇಸಿಗೆಯ ಉದ್ಯೋಗ ಯೋಜನೆಯಡಿ ಕೂಲಿ ಪಡೆದವರು. ಇನ್ನೊಂದು ಬಿಹಾರದ್ದು: 1960ರ ದಶಕದ ಬರಗಾಲದಲ್ಲಿ ಗೋಡೆಯಿಂದ ಕಾಗದಕ್ಕೆ ಇಳಿದ ಮಿಥಿಲಾ ಚಿತ್ರ 2017ರಲ್ಲಿ ಮಧುಬನಿ ರೈಲು ನಿಲ್ದಾಣದ ಗೋಡೆಗೆ ಮರಳಿತು. ಬರೆದವರಲ್ಲಿ ಬಹುಪಾಲು ಊರಿನ ಹೆಂಗಸರು. ಅದು ಶ್ರಮದಾನದ ಕೆಲಸ, ಸಂಬಳವಿಲ್ಲ.

ಚೆನ್ನೈ, ಕೋಲಾರ, ಮಾರಿಕುಪ್ಪಂ ದಾರಿಗಳು ಕವಲೊಡೆಯುವ ಬಂಗಾರಪೇಟೆ ಜಂಕ್ಷನ್ನಿನ ಗೋಡೆ ರೈಲ್ವೆಯದು, ಚಾಂಪಿಯನ್ ರೀಫಿನ ಲೈನು ಮನೆಗಳ ಸ್ವತ್ತಿನ ಪ್ರಶ್ನೆ ಮುಚ್ಚಿದ ಗಣಿಯ ಬಾಕಿ ವ್ಯವಹಾರದಲ್ಲಿ ಸಿಕ್ಕಿಕೊಂಡದ್ದು. ಅಲ್ಲಿ ಹೆಂಗಸರ ಕೈಗೆ ಬಣ್ಣ ಕೊಡುವ ಯೋಜನೆ ರೂಪಿಸುವವರು ಅನುಮತಿ ಪತ್ರ ಯಾರ ಹೆಸರಿಗೆ ಬರುತ್ತದೆ, ದಿನಗೂಲಿ ಎಷ್ಟು, ಫಲಕದ ಮೇಲೆ ಯಾರ ಹೆಸರು ಎಂಬ ಮೂರನ್ನು ಮೊದಲೇ ಬರೆದಿಟ್ಟುಕೊಳ್ಳಬೇಕಾಗುತ್ತದೆ; ಮಧುಬನಿಯಲ್ಲಿ ಎರಡನೆಯದು ಬಿಟ್ಟುಹೋಗಿತ್ತು.