ಆತಕೂರಿನ ಕಾಳಿಯಿಂದ ಬೆಂಗಳೂರಿನ ನಾಯಿ ಹಾಸ್ಟೆಲ್‌ವರೆಗೆ

ಬೆಂಗಳೂರಿನ ಯಲಹಂಕ, ಕೆಂಗೇರಿ, ವೈಟ್‌ಫೀಲ್ಡ್ ಕಡೆ ಈಗ ನಾಯಿಗಳಿಗೂ ಹಾಸ್ಟೆಲ್ ಇವೆ. ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಯವರು ಬೆಳಿಗ್ಗೆ ನಾಯಿ ಬಿಟ್ಟು ಸಂಜೆ ಕರೆದೊಯ್ಯುತ್ತಾರೆ. ಊರಿಗೆ ಹೊರಟರೆ ವಾರಗಟ್ಟಲೆ ಬಿಡುತ್ತಾರೆ. ಸ್ನಾನ, ಉಗುರು ಕತ್ತರಿಸುವುದು, ಕೂರು-ನಿಲ್ಲು ಎಂಬ ಪಾಠ, ಎಲ್ಲಕ್ಕೂ ಬೇರೆ ಬೇರೆ ದರ. ಇದನ್ನು ಕೇಳಿದರೆ ನಮ್ಮ ಹಳ್ಳಿಗಳಲ್ಲಿ ನಗುತ್ತಾರೆ. ಆದರೆ ನಾಯಿಯ ಹೆಸರಿನಲ್ಲಿ ಖರ್ಚು ಮಾಡುವುದು ಕನ್ನಡ ನಾಡಿಗೆ ಹೊಸದಲ್ಲ. ಸಾವಿರ ವರ್ಷದ ಹಿಂದೆ ಇಲ್ಲಿ ಭೂಮಿಯನ್ನೇ ಬರೆದುಕೊಟ್ಟಿದ್ದರು.

ಕಾಳಿಯ ಕಲ್ಲು

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ ಕ್ರಿ.ಶ. 949-50ರದು. ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಯುದ್ಧ ನಡೆದ ಕಾಲ. ಗಂಗ ದೊರೆ ಬೂತುಗನ ಕಡೆಯ ವೀರ ಮಣಲೇರ ಆ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಒಡೆಯ ಮೆಚ್ಚಿ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು. ಎರಡೂ ಸತ್ತವು. ಮಣಲೇರ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಕೆರೆಯ ಕೆಳಗಿನ ಭೂಮಿಯನ್ನು ದತ್ತಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದ. ನಾಯಿ-ಹಂದಿಯ ಕಾಳಗ ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಅರಮನೆ ಹೋಯಿತು, ಬೇಟೆ ನಿಂತಿತು

ಇನ್ನು ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ. ಸಣಕಲು ಹೊಟ್ಟೆ, ಉದ್ದ ಕಾಲು, ಚೂಪು ಮೂತಿಯ ಈ ಬೇಟೆನಾಯಿಯನ್ನು ಇಲ್ಲಿನ ಬೇಡರು ಸಾಕುತ್ತಿದ್ದರು. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಇದರ ಗುಣ ನೋಡಿ, ತಳಿ ಉಳಿಸಲು ಅರಮನೆಯ ಆಸರೆ ಕೊಟ್ಟರು. ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆಯಾಗಿ ಹೋದದ್ದೂ ಅವರ ಕೈಯಿಂದಲೇ.

1948ರಲ್ಲಿ ಸಂಸ್ಥಾನ ವಿಲೀನವಾಯಿತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯೂ ಅಪರಾಧವಾಯಿತು. ಸಾಕುವ ರಾಜನೂ ಇಲ್ಲ, ಮಾಡುವ ಕೆಲಸವೂ ಇಲ್ಲ. ಇಂಥ ಹೊತ್ತಿನಲ್ಲಿ ತಳಿ ಉಳಿಸಿದವರು ರೊಟ್ಟಿ, ಹಾಲು ಹಾಕಿ ಮನೆ ಮುಂದೆ, ಹೊಲದಲ್ಲಿ ಸಾಕಿದ ನಮ್ಮ ಹಳ್ಳಿಯವರು. ಅವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

ಮತ್ತೆ ಹೆಸರು ಬಂತು

2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚೀಟಿ ಹೊರತಂದಿತು. ಬೀದರಿನ ಪಶು ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ಶುರುವಾಯಿತು. 2016ರಲ್ಲಿ ಇಲ್ಲಿಂದ ಮರಿಗಳು ಸೇನೆಯ ತರಬೇತಿಗೆ ಮೀರತ್‌ಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೊ ಭಾಷಣದಲ್ಲಿ ಹೆಸರು ಹೇಳಿದ ಮೇಲಂತೂ ಮರಿ ಕೇಳಿಕೊಂಡು ಬರುವವರು ಹೆಚ್ಚಾದರು.

ಹೀಗೆ ಹೋದ ಮರಿಗಳಲ್ಲಿ ಎಷ್ಟೋ ಸೇರುವುದು ನಗರದ ಫ್ಲ್ಯಾಟು. ತೊಂದರೆ ಶುರುವಾಗುವುದು ಇಲ್ಲೇ. ಇದು ಕಣ್ಣಿಗೆ ಬಿದ್ದದ್ದರ ಬೆನ್ನು ಹತ್ತಿ ಓಡುವ ನಾಯಿ. ಕೂದಲು ಗಿಡ್ಡ, ಹಾಗಾಗಿ ಮೈ ಸಿಂಗಾರದ ಖರ್ಚು ಕಡಿಮೆ. ಇದಕ್ಕೆ ಬೇಕಾದದ್ದು ಬೇಲಿ ಹಾಕಿದ ಬಯಲು, ದಿನವೂ ಓಟ, ಚಿಕ್ಕಂದಿನಿಂದ ಜನರ ಒಡನಾಟ. ಕಟ್ಟಿಹಾಕಿದರೆ ಮಂಕಾಗುತ್ತದೆ, ಇಲ್ಲವೇ ಅಂಜಿ ಕಚ್ಚುತ್ತದೆ. ನಾಯಿ ಹಾಸ್ಟೆಲ್ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯಬೇಕಾದದ್ದು ಶಾಂಪೂವಿನಿಂದಲ್ಲ, ಬಯಲಿನಿಂದ. ಲಸಿಕೆ ಚೀಟಿ ನೋಡದೆ ನಾಯಿ ಸೇರಿಸಿಕೊಳ್ಳುವ ಕಡೆ ಬಿಡಲೇಬಾರದು.

ಮರಿ ಮಾರುವ ನಮ್ಮವರಿಗೂ ಹೊಣೆ ಇದೆ. 2017ರ ಕೇಂದ್ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ತಳಿ ಬೆಳೆಸಿ ಮಾರುವವರು ನೋಂದಣಿ ಮಾಡಿಸಬೇಕು. ದುಡ್ಡು ಎಣಿಸುವ ಮೊದಲು ಒಂದು ಮಾತು ಕೇಳೋಣ: ಅಣ್ಣಾ, ಓಡಾಡಲು ಜಾಗ ಇದೆಯೇ? ಹಗಲು ನೋಡುವವರು ಯಾರು? ಉತ್ತರ ತಡವರಿಸಿದರೆ ಮರಿ ನಮ್ಮ ಅಂಗಳದಲ್ಲೇ ಇರಲಿ. ಮಣಲೇರ ಸತ್ತ ನಾಯಿಗೆ ಭೂಮಿ ಕೊಟ್ಟ. ಬದುಕಿರುವ ನಾಯಿಗೆ ಓಡಲು ಒಂದಿಷ್ಟು ಬಯಲು ಕೇಳುವುದು ದೊಡ್ಡ ಮಾತೇನಲ್ಲ.