ಪರರ ಮಾತನ್ನು ಹೊತ್ತ ಮನೆಗಳು

ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಗೇಣುದ್ದದ ಆಂಟೆನಾವೊಂದನ್ನು ನಿಲ್ಲಿಸಿ, ಅಂಗೈಯಲ್ಲಿ ಅಡಗುವ ರೇಡಿಯೊ ಬೋರ್ಡೊಂದನ್ನು ಮಳೆ ಹೊಗದ ಡಬ್ಬಿಯೊಳಗಿರಿಸಿ, ಸಣ್ಣ ಸೋಲಾರ್ ಫಲಕದಿಂದಲೂ ಬ್ಯಾಟರಿಯಿಂದಲೂ ಅದನ್ನು ಹಗಲಿರುಳು ಎಚ್ಚರವಾಗಿಟ್ಟು, ತಾನು ಕಂಡರಿಯದವರ ಕಿರುಸಂದೇಶಗಳನ್ನು ಆಲಿಸಿ ಮುಂದಕ್ಕೆ ದಾಟಿಸುತ್ತಿರತಕ್ಕ ಒಂದು ಹವ್ಯಾಸವು ಇತ್ತೀಚಿನ ವರ್ಷಗಳಲ್ಲಿ ಲೋಕದ ಅನೇಕ ನಗರಗಳಲ್ಲಿ ಬೇರುಬಿಟ್ಟಿದೆ. ಇದಕ್ಕೆ ಮೆಶ್ ರೇಡಿಯೊ ಎಂದೂ, ಇದರ ಒಂದೊಂದು ನೆಲೆಗೆ ನೋಡ್ ಎಂದೂ ಹೆಸರು. ಮೊಬೈಲ್ ಟವರಿಲ್ಲದೆ, ಅಂತರ್ಜಾಲವಿಲ್ಲದೆ, ತಿಂಗಳ ಶುಲ್ಕವಿಲ್ಲದೆ ನಡೆಯುವ ಈ ವ್ಯವಸ್ಥೆಯನ್ನು ಕಂಡವರು ಇದು ನಿನ್ನೆ ಮೊನ್ನೆ ಹುಟ್ಟಿದ ಸೋಜಿಗವೆಂದು ಭಾವಿಸುವುದು ಸಹಜವೇ. ಆದರೆ ಇದರ ಉಪಕರಣವು ಹೊಸದೇ ಹೊರತು ಇದರ ಜೀವಾಳವಾದ ಧರ್ಮವು ಹೊಸದಲ್ಲ. ಹೇಳುವವನೂ ಅಲ್ಲದ, ಕೇಳುವವನೂ ಅಲ್ಲದ ಮೂರನೆಯ ಗೃಹಸ್ಥನೊಬ್ಬನು ನಡುವೆ ನಿಂತು, ಪ್ರತಿಫಲವನ್ನು ಬಯಸದೆ, ಪರರ ಮಾತನ್ನು ಹೊತ್ತು ಸಾಗಿಸುವ ಈ ಪದ್ಧತಿಗೆ ನೂರು ವರ್ಷಗಳಿಗೂ ಮೀರಿದ ಚರಿತ್ರೆಯುಂಟು. ಆ ಚರಿತ್ರೆಯನ್ನು ಬಲ್ಲವನಿಗೆ ತಾರಸಿಯ ಮೇಲಿನ ಆ ಪುಟ್ಟ ಡಬ್ಬಿಯ ಗುಣವೂ ಮಿತಿಯೂ ಹೆಚ್ಚು ವಿಶದವಾಗಿ ತೋರುವುವು.

ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬ ಯಂತ್ರಶಿಲ್ಪಿಯಿದ್ದರು. 1914ರ ಏಪ್ರಿಲ್ ತಿಂಗಳಿನಲ್ಲಿ ಅವರಿಗೆ ತಮ್ಮ ನಿಸ್ತಂತು ಗ್ರಾಹಕಕ್ಕೆ ಆಡಿಯಾನ್ ಎಂಬ ವಾಲ್ವೊಂದು ಬೇಕಾಯಿತು. ಸುಮಾರು 40 ಕಿಲೋಮೀಟರು ಉತ್ತರಕ್ಕಿರುವ ಸ್ಪ್ರಿಂಗ್‌ಫೀಲ್ಡಿನ ಹವ್ಯಾಸಿಯೊಬ್ಬರ ಬಳಿ ಅಂಥದೊಂದು ಮಾರಾಟಕ್ಕಿದೆಯೆಂದು ತಿಳಿದು, ಮ್ಯಾಕ್ಸಿಮರು ಆ ರಾತ್ರಿ ತಮ್ಮ ಪ್ರೇಷಕದಿಂದ ಅವರನ್ನು ಎಷ್ಟು ಕೂಗಿದರೂ ಉತ್ತರ ಬರಲಿಲ್ಲ. ಆಗ ಅವರಿಗೆ ಎರಡೂ ಊರುಗಳ ನಡುವೆ ವಿಂಡ್ಸರ್ ಲಾಕ್ಸ್ ಎಂಬಲ್ಲಿದ್ದ ಮತ್ತೊಬ್ಬ ಹವ್ಯಾಸಿಯ ನೆನಪಾಯಿತು, ಆತನನ್ನು ಕರೆದು, ಸಂದೇಶವನ್ನು ಒಪ್ಪಿಸಿ, ಮುಂದಕ್ಕೆ ಕಳುಹಿಸಬೇಕೆಂದು ಕೇಳಿಕೊಂಡರು, ಆತನು ಕಳುಹಿಸಿದನು, ವ್ಯವಹಾರವು ಕೈಗೂಡಿತು. ಸಂಗತಿಯು ಅಲ್ಪವಾದದ್ದೇ. ಆದರೆ ಎರಡು ಊರುಗಳ ನಡುವೆ ಸಾಧ್ಯವಾದದ್ದು ಇಪ್ಪತ್ತು ಊರುಗಳ ನಡುವೆಯೂ ಏಕೆ ಸಾಧ್ಯವಾಗಬಾರದೆಂಬ ಪ್ರಶ್ನೆಯು ಅಲ್ಪವಾದದ್ದಲ್ಲ. ಮ್ಯಾಕ್ಸಿಮರು ಕ್ಲಾರೆನ್ಸ್ ಟಸ್ಕ ಎಂಬ ಹದಿಹರೆಯದ ಗೆಳೆಯನೊಡನೆ ಸೇರಿ ಅದೇ ವರ್ಷ ಅಮೆರಿಕನ್ ರೇಡಿಯೊ ರಿಲೇ ಲೀಗ್ ಎಂಬ ಸಂಘವನ್ನು ಕಟ್ಟಿದರು. ಮಾತಾಡುವವರ ಕೂಟಗಳು ಅದಕ್ಕೆ ಮೊದಲೂ ಇದ್ದುವು. ಪರರ ಮಾತನ್ನು ದಾಟಿಸುವುದನ್ನೇ ಉದ್ದೇಶವಾಗಿ ಹೆಸರಿನಲ್ಲಿಯೇ ಧರಿಸಿದ ಕೂಟವೆಂಬುದು ಇದರ ವೈಶಿಷ್ಟ್ಯ.

ಮ್ಯಾಕ್ಸಿಮರ ಕೂಗು 40 ಕಿಲೋಮೀಟರನ್ನು ದಾಟದೆ ಹೋದುದರ ಹಿಂದೆ ಶಾಸನದ ಕೈವಾಡವೂ ಇತ್ತು. 1912ರ ಅಮೆರಿಕದ ರೇಡಿಯೊ ಶಾಸನವು ದೀರ್ಘತರಂಗಗಳನ್ನೆಲ್ಲ ಹಡಗುಗಳಿಗೂ ಸೈನ್ಯಕ್ಕೂ ವಾಣಿಜ್ಯಸಂಸ್ಥೆಗಳಿಗೂ ಹಂಚಿ, ಹವ್ಯಾಸಿಗಳನ್ನು 200 ಮೀಟರು ಮತ್ತು ಅದಕ್ಕೂ ಕಿರಿದಾದ ತರಂಗಗಳ ಕಡೆಗೆ ತಳ್ಳಿತ್ತು. ದೂರ ಹೋಗಲಾರವೆಂದು ಆಗ ಎಣಿಸಲಾಗಿದ್ದ ಆ ತರಂಗಗಳು ಯಾರಿಗೂ ಬೇಕಿರಲಿಲ್ಲ. ಅದು ಊರಿನವರೆಲ್ಲ ಬಿಟ್ಟ ಬಂಜರು. ಬಂಜರಿನಲ್ಲಿ ಬಿಡಲ್ಪಟ್ಟವರಿಗೆ ಒಬ್ಬರ ಕೈಯನ್ನೊಬ್ಬರು ಹಿಡಿಯುವುದಲ್ಲದೆ ಬೇರೆ ಉಪಾಯವಿರಲಿಲ್ಲವಾದುದರಿಂದ ರಿಲೇ ಪದ್ಧತಿಯು ಅವರಿಗೆ ವಿಲಾಸವಾಗಿರದೆ ಅವಶ್ಯಕತೆಯಾಗಿತ್ತು. 1917ರ ಮೊದಲಲ್ಲಿ, ಅಮೆರಿಕವು ಮಹಾಯುದ್ಧವನ್ನು ಪ್ರವೇಶಿಸಿ ಹವ್ಯಾಸಿ ಕೇಂದ್ರಗಳೆಲ್ಲ ಮುಚ್ಚುವುದಕ್ಕೆ ಸ್ವಲ್ಪ ಮುನ್ನ, ಪೂರ್ವತೀರದಿಂದ ಪಶ್ಚಿಮತೀರಕ್ಕೆ ಮನೆಯಿಂದ ಮನೆಗೆ ಸಾಗಿದ ಸಂದೇಶಕ್ಕೆ ಎರಡು ಗಂಟೆಯೊಳಗಾಗಿ ಮರುತ್ತರ ಬಂದಿತು. ಯುದ್ಧಾನಂತರ, 1923ರ ನವೆಂಬರಿನಲ್ಲಿ, ಕನೆಕ್ಟಿಕಟ್‌ನ ಫ್ರೆಡ್ ಶ್ನೆಲ್ ಎಂಬವರು ಫ್ರಾನ್ಸಿನ ನೀಸ್ ನಗರದ ಲಿಯೋ ದೆಲ್ವಾ ಎಂಬವರೊಡನೆ ನೂರು ಮೀಟರಿನ ಆಸುಪಾಸಿನ ತರಂಗದಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಭಾಷಿಸಿದಾಗ, ನಿರುಪಯುಕ್ತವೆಂದು ಕೈಬಿಟ್ಟಿದ್ದ ಹ್ರಸ್ವತರಂಗಗಳೇ ಭೂಮಂಡಲವನ್ನು ಸುತ್ತಬಲ್ಲವೆಂಬುದು ಪ್ರಕಟವಾಯಿತು.

ಭಾರತದಲ್ಲಿ 1921ರ ಹೊತ್ತಿಗೆ ಅಮರೇಂದ್ರ ಚಂದ್ರ ಗೂಪ್ತು, ಮುಕುಲ್ ಬೋಸ್ ಮುಂತಾದ ಹವ್ಯಾಸಿಗಳು ಕಾರ್ಯೋನ್ಮುಖರಾಗಿದ್ದರು. ಕನ್ನಡನಾಡಿನಲ್ಲಿ ಮನೆಯೇ ರೇಡಿಯೊ ನಿಲಯವಾದುದಕ್ಕೆ ಎಲ್ಲಕ್ಕಿಂತ ಪ್ರಸಿದ್ಧವಾದ ನಿದರ್ಶನವೆಂದರೆ, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಸ್ವಗೃಹದಲ್ಲಿ 30 ವಾಟಿನ ಪ್ರೇಷಕದಿಂದ ಆರಂಭಿಸಿದ ಆಕಾಶವಾಣಿ. ಅದು ಬಿತ್ತರಿಸುವ ನಿಲಯ. ದಾಟಿಸುವ ನೋಡ್ ಅಲ್ಲ. ಆದರೂ ಸರ್ಕಾರವಾಗಲಿ ಕಂಪನಿಯಾಗಲಿ ಬರಲೆಂದು ಕಾಯದೆ, ಗೃಹಸ್ಥನೊಬ್ಬನು ತನ್ನ ಮಾಡಿನ ಮೇಲೆ ತಂತಿಯನ್ನು ಕಟ್ಟಿ ಊರಿಗೆ ಉಪಕಾರಿಯಾಗಬಹುದೆಂಬ ಧೈರ್ಯವು ಈ ಎರಡಕ್ಕೂ ಸಮಾನವಾದದ್ದರಿಂದ ಇಲ್ಲಿ ಅದನ್ನು ಸ್ಮರಿಸದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ.

ಹಳೆಯ ರಿಲೇ ಪದ್ಧತಿಗೆ ಒಂದು ದೊಡ್ಡ ಕೊರತೆಯಿತ್ತು: ನಡುವಿನ ಮನೆಯಲ್ಲಿ ಮನುಷ್ಯನೊಬ್ಬನು ಎಚ್ಚರವಾಗಿ ಕುಳಿತು, ಮೋರ್ಸ್ ಸಂಕೇತವನ್ನು ಕಿವಿಯಿಂದ ಕೇಳಿ, ಕೈಯಿಂದ ಬರೆದುಕೊಂಡು, ಮತ್ತೆ ಕೀಲಿಯೊತ್ತಿ ಮುಂದಕ್ಕೆ ಕಳುಹಿಸಬೇಕಾಗಿತ್ತು. ಆತನು ನಿದ್ರಿಸಿದರೆ ದಾರಿಯೂ ನಿದ್ರಿಸುತ್ತಿತ್ತು. ಯಂತ್ರವೇ ಈ ಕೆಲಸವನ್ನು ವಹಿಸಿಕೊಳ್ಳಬೇಕಾದರೆ ಮಾತನ್ನು ಮೊದಲು ತುಂಡುಗಳನ್ನಾಗಿ ಮಾಡಿ, ಒಂದೊಂದು ತುಂಡಿಗೂ ವಿಳಾಸವನ್ನು ಬರೆದು, ಕೆಟ್ಟುಹೋದದ್ದನ್ನು ಗುರುತಿಸುವ ಲೆಕ್ಕವನ್ನು ಅದರೊಡನೆ ಕಟ್ಟಿ ಕಳುಹಿಸತಕ್ಕ ವಿದ್ಯೆಯು ಬೇಕಾಗಿತ್ತು. ಪ್ಯಾಕೆಟ್ ಎಂದು ಕರೆಯಲ್ಪಡುವ ಈ ತುಂಡುಗಳನ್ನು ರೇಡಿಯೊದ ಮೇಲೆ ಮೊದಲು ಹಾಯಿಸಿದ ಕೀರ್ತಿಯು ಹವಾಯಿ ವಿಶ್ವವಿದ್ಯಾನಿಲಯಕ್ಕೆ ಸಲ್ಲತಕ್ಕದ್ದು. ದ್ವೀಪದಿಂದ ದ್ವೀಪಕ್ಕೆ ದೂರವಾಣಿಯ ತಂತಿಯು ದುಬಾರಿಯೂ ಅವಿಶ್ವಸನೀಯವೂ ಆಗಿದ್ದ ಆ ನಾಡಿನಲ್ಲಿ ನಾರ್ಮನ್ ಅಬ್ರಾಮ್ಸನ್ ಎಂಬ ಆಚಾರ್ಯರೂ ಅವರ ಸಂಗಡಿಗರೂ ಕೂಡಿ 1971ರಲ್ಲಿ ಅಲೋಹಾನೆಟ್ ಎಂಬ ಜಾಲವನ್ನು ನಡೆಸತೊಡಗಿದರು. ಅದರ ನಿಯಮವು ಆಶ್ಚರ್ಯಪಡಿಸುವಷ್ಟು ಸರಳವಾದದ್ದು: ಹೇಳಬೇಕಾದದ್ದು ಇದ್ದಾಗ ಹೇಳಿಬಿಡುವುದು, ಮತ್ತೊಬ್ಬರ ಮಾತಿನೊಡನೆ ಡಿಕ್ಕಿಯಾಗಿ ಒಪ್ಪಿಗೆಯ ಮರುಸಂಕೇತವು ಬಾರದೆ ಹೋದರೆ, ಮನಸ್ಸಿಗೆ ಬಂದಷ್ಟು ಹೊತ್ತು ತಾಳಿ ಪುನಃ ಹೇಳುವುದು. ಇಂಥ ಸ್ವಾತಂತ್ರ್ಯಕ್ಕೆ ಬೆಲೆಯುಂಟು. ಎಷ್ಟು ಮಂದಿ ಎಷ್ಟು ಯತ್ನಿಸಿದರೂ ಆ ವಾಹಿನಿಯ ಶಕ್ತಿಯಲ್ಲಿ ನೂರಕ್ಕೆ ಸುಮಾರು 18 ಪಾಲಿಗಿಂತ ಹೆಚ್ಚು ಸಾರ್ಥಕವಾಗದೆಂದು ಗಣಿತವು ತೋರಿಸಿಕೊಟ್ಟಿತು. ಜನ ಮಿತಿಮೀರಿದಂತೆ ಆ ಪಾಲೂ ಕುಸಿಯುವುದು. ಇಂದಿನ ಮೆಶ್ ಜಾಲಗಳು ದಟ್ಟವಾದ ನಗರಗಳಲ್ಲಿ ಅನುಭವಿಸುತ್ತಿರುವ ಕಷ್ಟಕ್ಕೆ ಮೂಲವು ಇಲ್ಲಿಯೇ ಇದೆ.

ವಿಶ್ವವಿದ್ಯಾನಿಲಯದಿಂದ ಈ ವಿದ್ಯೆಯು ಮನೆಗೆ ಇಳಿದುಬಂದದ್ದು ಕೆನಡಾ ದೇಶದಲ್ಲಿ. 1978ರಲ್ಲಿ ಅಲ್ಲಿಯ ಸರ್ಕಾರವು ಹವ್ಯಾಸಿಗಳಿಗೆ ಪ್ಯಾಕೆಟ್ ಪ್ರಯೋಗಗಳನ್ನು ಅನುಮತಿಸಿತು. ಮಾಂಟ್ರಿಯಲ್ ನಗರದವರು ಪ್ರಯೋಗಕ್ಕೆ ಮೊದಲಿಟ್ಟರು. ವ್ಯಾಂಕೂವರಿನಲ್ಲಿ ಡಗ್ ಲಾಕ್‌ಹಾರ್ಟ್ ಎಂಬವರು ಕಂಪ್ಯೂಟರಿಗೂ ರೇಡಿಯೊಗೂ ನಡುವೆ ದುಭಾಷಿಯಾಗತಕ್ಕ ಟಿಎನ್‌ಸಿ ಎಂಬ ಪೆಟ್ಟಿಗೆಯನ್ನು ನಿರ್ಮಿಸಿದರು. ಅಮೆರಿಕದಲ್ಲಿ ಅನುಮತಿ ದೊರೆತ 1980ರಲ್ಲಿಯೇ, ಡಿಸೆಂಬರ್ ತಿಂಗಳಿನಲ್ಲಿ, ಹ್ಯಾಂಕ್ ಮ್ಯಾಗ್ನುಸ್ಕಿಯವರು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪ್ರಾಂತದಲ್ಲಿ ಪ್ಯಾಕೆಟ್ಟುಗಳನ್ನು ತಾನಾಗಿಯೇ ಮರುನುಡಿಯುವ ಕೇಂದ್ರವೊಂದನ್ನು ಸ್ಥಾಪಿಸಿದರು. ಕನೆಕ್ಟಿಕಟ್‌ನ ಆ ವಿಂಡ್ಸರ್ ಲಾಕ್ಸಿನ ಹವ್ಯಾಸಿ ಮಾಡಿದ ಕೆಲಸವನ್ನು ಇನ್ನು ಮುಂದೆ ಯಂತ್ರವು, ಯಜಮಾನನು ಮಲಗಿರುವಾಗಲೂ, ಮಾಡುವಂತಾಯಿತು. ಈ ಕ್ಷಣವನ್ನು ನಾನು ಮೆಶ್ ನೋಡಿನ ನಿಜವಾದ ಜನ್ಮವೆಂದು ಎಣಿಸುತ್ತೇನೆ.

ಅರಿಜೋನದ ಟೂಸಾನ್ ನಗರದ ಹವ್ಯಾಸಿಗಳು ಟಿಎನ್‌ಸಿಯನ್ನು ಬಿಡಿಭಾಗಗಳ ಕಿಟ್ಟಾಗಿ ಹಂಚಿದ ಮೇಲೆ 1980ರ ದಶಕದಲ್ಲಿ ಪ್ಯಾಕೆಟ್ ರೇಡಿಯೊ ಬಹು ವೇಗವಾಗಿ ಹಬ್ಬಿತು. ಅಂದು ಮನೆಯಲ್ಲಿ ನೆಲೆಯನ್ನು ಹೂಡುವುದು ಇಂದಿನಷ್ಟು ಸುಲಭವಾಗಿರಲಿಲ್ಲ. ಪರೀಕ್ಷೆಗೆ ಕುಳಿತು ಲೈಸೆನ್ಸನ್ನು ಪಡೆಯಬೇಕು. ಕಿಟ್ಟಿನ ಭಾಗಗಳನ್ನು ಒಂದೊಂದಾಗಿ ಬೆಸುಗೆ ಹಾಕಬೇಕು. 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳನ್ನು ಸಾಮಾನ್ಯ ರೇಡಿಯೊದ ಮೈಕಿಗೆ ಊಡಿ ಸೆಕೆಂಡಿಗೆ 1200 ಬಿಟ್ಟುಗಳನ್ನು ಸಾಗಿಸಬೇಕು. ಸಂದೇಶವು ಯಾವ ಯಾವ ಮನೆಗಳ ಮೂಲಕ ಹೋಗಬೇಕೆಂಬುದನ್ನು ಕಳುಹಿಸುವವನೇ ಮುಂಚಿತವಾಗಿ ಬರೆಯಬೇಕಾಗಿತ್ತು. ಅಂಥ ಮಧ್ಯಸ್ಥರ ಸಂಖ್ಯೆಯು ಎಂಟನ್ನು ಮೀರುವಂತಿರಲಿಲ್ಲ. ಏಳನೆಯ ಮನೆಯಲ್ಲಿ ತುಂಡೊಂದು ಕೆಟ್ಟರೆ ಮೊದಲನೆಯ ಮನೆಯಿಂದಲೇ ಪುನರಾರಂಭ. 1987ರಲ್ಲಿ ಬಂದ ನೆಟ್‌ರಾಮ್ ಎಂಬ ತಂತ್ರಾಂಶವು ಪ್ರತಿಯೊಂದು ಮಜಲಿನಲ್ಲಿಯೂ ಒಪ್ಪಿಗೆಯನ್ನು ಪಡೆದು ಮುಂದಡಿಯಿಡುವ ಕ್ರಮವನ್ನು ತಂದು, ದಾರಿಯನ್ನು ಅರಿಯುವ ಹೊಣೆಯನ್ನು ನೋಡ್‌ಗಳಿಗೇ ವಹಿಸಿತು. ಆದರೂ ಬೆಟ್ಟದ ಈಚೆ ಒಬ್ಬನು, ಆಚೆ ಒಬ್ಬನು, ನೆತ್ತಿಯ ಮೇಲೆ ನೋಡ್ ಒಂದು ಇರುವಾಗ, ಒಬ್ಬರಿಗೊಬ್ಬರು ಕೇಳಿಸದ ಆ ಇಬ್ಬರೂ ಏಕಕಾಲಕ್ಕೆ ನುಡಿದು ನೆತ್ತಿಯ ಮೇಲಿನ ಕಿವಿಯನ್ನು ಗೊಂದಲಕ್ಕೆ ಈಡುಮಾಡುವ ಸಮಸ್ಯೆಯು ಉಳಿದೇ ಇತ್ತು. ಫಿಲ್ ಕಾರ್ನ್ ಎಂಬ ಹವ್ಯಾಸಿಯು 1990ರಲ್ಲಿ ಇದಕ್ಕೊಂದು ಪರಿಹಾರವನ್ನು ಸೂಚಿಸಿದರು: ಮೊದಲು ಮಾತಾಡಲೇ ಎಂದು ಸಣ್ಣ ಸಂಕೇತದಿಂದ ಕೇಳುವುದು, ಮಾತಾಡೆಂಬ ಅನುಮತಿ ಬಂದ ಮೇಲೆ ಮಾತ್ರ ದೀರ್ಘವಾದದ್ದನ್ನು ನುಡಿಯುವುದು, ಆ ಅನುಮತಿಯನ್ನು ಕೇಳಿಸಿಕೊಂಡ ಇತರರು ಮೌನದಿಂದಿರುವುದು. ಇಂದು ಮನೆಮನೆಯಲ್ಲಿರುವ ವೈಫೈ ವಿಧಾನದಲ್ಲಿ ಈ ಆಲೋಚನೆಯ ಸಂತಾನವಿದೆ. ಹವ್ಯಾಸವು ಲೋಕಕ್ಕೆ ಏನು ಕೊಟ್ಟಿತೆಂದು ಕೇಳುವವರು ಇದೊಂದನ್ನು ಗಮನಿಸಿದರೆ ಸಾಕು.

ಇದೇ ಕಾಲದಲ್ಲಿ, ಅಮೆರಿಕದ ನೌಕಾ ವಿದ್ಯಾಲಯದಲ್ಲಿದ್ದ ಬಾಬ್ ಬ್ರುನಿಂಗ ಎಂಬವರು ಎಪಿಆರ್‌ಎಸ್ ಎಂಬ ಕ್ರಮವನ್ನು ರೂಪಿಸಿದರು. ಇಬ್ಬರ ನಡುವೆ ಸಂಪರ್ಕವನ್ನು ಸ್ಥಾಪಿಸುವ ಗೋಜಿಗೇ ಹೋಗದೆ, ತಾನೆಲ್ಲಿರುವೆನು, ಹವೆಯು ಹೇಗಿದೆ ಎಂಬ ಕಿರುಸುದ್ದಿಯನ್ನು ಸುತ್ತಲಿನವರೆಲ್ಲ ಕೇಳುವಂತೆ ಸಾರುವುದು, ಕೇಳಿದ ನೆಲೆಗಳು ಒಂದೆರಡು ಸಲ ಅದನ್ನು ಮರುನುಡಿಯುವುದು ಇದರ ರೀತಿ.

ಇಷ್ಟೆಲ್ಲ ಆದರೂ ನೋಡ್ ಹೂಡುವವರು ಲೈಸೆನ್ಸುಳ್ಳವರ ಸಣ್ಣ ವರ್ಗವಾಗಿಯೇ ಉಳಿದರು. ಬದಲಾವಣೆಯು ಬಂದದ್ದು ಫ್ರಾನ್ಸಿನ ಗ್ರೆನೋಬ್ಲ್ ನಗರದಿಂದ. ಅಲ್ಲಿಯ ಸೈಕ್ಲಿಯೊ ಎಂಬ ಸಣ್ಣ ಕಂಪನಿಯಲ್ಲಿ ನಿಕೊಲಾ ಸೊರ್ನ್ಯಾ ಮೊದಲಾದವರು, ಸ್ವರವನ್ನು ಕೆಳಗಿನಿಂದ ಮೇಲಕ್ಕೆ ಜಾರಿಸಿ ಆ ಜಾರುವಿಕೆಯಲ್ಲಿಯೇ ಅಕ್ಷರಗಳನ್ನು ಅಡಗಿಸುವ ಲೋರಾ ಎಂಬ ವಿಧಾನವನ್ನು ಸಾಧಿಸಿದರು. 2012ರಲ್ಲಿ ಸೆಮ್‌ಟೆಕ್ ಕಂಪನಿಯು ಅದನ್ನು ಕೊಂಡಿತು. ನೀರಿನ ಮೀಟರು, ದೀಪದ ಕಂಬ, ಹೊಲದ ತೇವಮಾಪಕಗಳಿಗಾಗಿ ಉದ್ದೇಶಿಸಿದ ಈ ವಿದ್ಯೆಯು ವಾಟಿನ ಹತ್ತನೆಯ ಒಂದೆರಡು ಭಾಗದಷ್ಟು ಶಕ್ತಿಯಿಂದ, ಸುತ್ತಲಿನ ಗದ್ದಲಕ್ಕಿಂತಲೂ ಕ್ಷೀಣವಾದ ದನಿಯನ್ನು ಕಿಲೋಮೀಟರುಗಟ್ಟಲೆ ಆಚೆ ಹೆಕ್ಕಿ ತೆಗೆಯಬಲ್ಲುದು. ಅದರ ವೇಗವು ಬಹು ಕಡಮೆ. ಮೆಶ್ ಹವ್ಯಾಸಿಗಳು ಸಾಮಾನ್ಯವಾಗಿ ಬಳಸುವ ಕ್ರಮದಲ್ಲಿ ಸೆಕೆಂಡಿಗೆ ಸುಮಾರು ಸಾವಿರ ಬಿಟ್ಟುಗಳು, ಎಂದರೆ ಹಳೆಯ ಟಿಎನ್‌ಸಿಗಿಂತಲೂ ಕಡಮೆ. ಮೂವತ್ತೈದು ವರ್ಷಗಳ ಪ್ರಗತಿಯ ತರುವಾಯವೂ ವೇಗವು ಹಿಂದಿನದಕ್ಕಿಂತ ಕುಗ್ಗಿತೆಂದು ಖೇದಪಡಬೇಕಾಗಿಲ್ಲ. ವೇಗವನ್ನು ಕೊಟ್ಟು ದೂರವನ್ನೂ ಅಗ್ಗವನ್ನೂ ಕೊಂಡದ್ದಾಯಿತು.

2020ರಲ್ಲಿ ಕೆವಿನ್ ಹೆಸ್ಟರ್ ಎಂಬ ತಂತ್ರಾಂಶಶಿಲ್ಪಿಯು, ಮೊಬೈಲ್ ಸಿಗ್ನಲ್ ಸಿಗದ ಕಾಡುಮೇಡುಗಳಲ್ಲಿ ಸಂಚರಿಸುವವರಿಗೆ ಉಪಯೋಗವಾಗಲೆಂದು, ಇಂಥ ಅಗ್ಗದ ಬೋರ್ಡುಗಳಿಗೆ ಮೆಶ್‌ಟಾಸ್ಟಿಕ್ ಎಂಬ ಮುಕ್ತ ತಂತ್ರಾಂಶವನ್ನು ರಚಿಸಿದರು. ಎಲ್ಲರಿಗೂ ಸಾರುವ ಸಂದೇಶಗಳಿಗೆ ಅದರಲ್ಲಿ ದಾರಿಯ ಪಟ್ಟಿಯಿಲ್ಲ. ಸಂದೇಶವನ್ನು ಕೇಳಿದ ಪ್ರತಿಯೊಂದು ನೋಡ್ ಸ್ವಲ್ಪ ತಾಳುವುದು. ಆ ವೇಳೆಯಲ್ಲಿ ಬೇರೊಂದು ನೋಡ್ ಅದನ್ನು ಮರುನುಡಿದರೆ ತಾನು ಸುಮ್ಮನಾಗುವುದು. ಇಲ್ಲವಾದರೆ ತಾನೇ ನುಡಿಯುವುದು. ಕ್ಷೀಣವಾಗಿ ಕೇಳಿಸಿಕೊಂಡದ್ದು, ಆದಕಾರಣ ದೂರದಲ್ಲಿರಬಹುದಾದದ್ದು, ಕಡಮೆ ಹೊತ್ತು ತಾಳುವುದರಿಂದ ಸಂದೇಶವು ದೊಡ್ಡ ಹೆಜ್ಜೆಗಳನ್ನಿಡುತ್ತ ಸಾಗುವುದು. ಸಾಮಾನ್ಯವಾಗಿ ಮೂರು ಹೆಜ್ಜೆ, ಅತಿಶಯವೆಂದರೆ ಏಳು. ಆಮೇಲೆ ಅದು ನಿಲ್ಲುವುದು. ಎಪಿಆರ್‌ಎಸ್‌ನ ಸಾರುವ ರೀತಿಯೂ, ಹವಾಯಿಯ ಯಾದೃಚ್ಛಿಕ ಕಾಯುವಿಕೆಯೂ, ಮ್ಯಾಗ್ನುಸ್ಕಿಯವರ ಮರುನುಡಿಯುವ ಯಂತ್ರವೂ ಇಲ್ಲಿ ಒಂದಾಗಿರುವುದನ್ನು ಚರಿತ್ರೆಯನ್ನು ಬಲ್ಲವರು ಕೂಡಲೇ ಗುರುತಿಸಬಲ್ಲರು.

ನಮ್ಮ ದೇಶದಲ್ಲಿ ಇದು ಸಾಧ್ಯವಾದದ್ದು 2005ರ ನಿಯಮವೊಂದರಿಂದ. 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿಯನ್ನು, ಒಂದು ವಾಟಿನ ಮಿತಿಯೊಳಗೆ, ಲೈಸೆನ್ಸಿಲ್ಲದೆ ಬಳಸಬಹುದೆಂದು ಭಾರತ ಸರ್ಕಾರವು ಅಂದು ಸಾರಿತು. ಅದೇ ವರ್ಷದ ಮೇ 5ರಂದು ಶ್ರೀಹರಿಕೋಟದಿಂದ ಮೇಲೇರಿದ ಹ್ಯಾಮ್‌ಸ್ಯಾಟ್ ಉಪಗ್ರಹವು, ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ರೂಪುಗೊಂಡು, ಲೋಕದ ಹವ್ಯಾಸಿಗಳ ಮಾತನ್ನು ಆಕಾಶದಿಂದ ದಾಟಿಸುತ್ತ 2014ರವರೆಗೆ ಬಾಳಿತೆಂಬುದೂ ಕನ್ನಡಿಗರು ಮರೆಯತಕ್ಕದ್ದಲ್ಲ. ನಮ್ಮ ಪಟ್ಟಿಯ ತರಂಗದ ಉದ್ದವು ಸುಮಾರು 34.6 ಸೆಂಟಿಮೀಟರು, ಅದರ ಕಾಲುಭಾಗವು ಒಂಬತ್ತು ಸೆಂಟಿಮೀಟರಿಗೂ ಕಡಮೆ. ಆದುದರಿಂದ ಅಮೆರಿಕದ 915 ಮೆಗಾಹರ್ಟ್ಸ್‌ಗೆ ಅಳೆದು ಮಾಡಿದ ಆಂಟೆನಾವನ್ನು ತಂದು ಇಲ್ಲಿ ನಿಲ್ಲಿಸಿದರೆ ಅದು ಮಂಕಾಗುವುದು. ಅಮೆರಿಕದ ಪಟ್ಟಿಯಲ್ಲಿಯೇ ಪ್ರೇಷಿಸಿದರೆ ಅಪರಾಧವೇ ಆಗುವುದು. ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟು ಈ ತರಂಗಗಳನ್ನು ನುಂಗುವುದರಿಂದ ಕೋಣೆಯೊಳಗಿನ ನೋಡಿಗೂ ತಾರಸಿಯ ನೋಡಿಗೂ ಅಜಗಜಾಂತರ. ಆಂಟೆನಾವನ್ನು ಜೋಡಿಸದೆ ರೇಡಿಯೊವನ್ನು ಎಂದಿಗೂ ಚಾಲೂ ಮಾಡಬಾರದು. ಹೊರಹೋಗಲು ದಾರಿಯಿಲ್ಲದ ಶಕ್ತಿಯು ಹಿಂದಿರುಗಿ ಅದನ್ನೇ ಸುಟ್ಟೀತು.

ಈಗ ಹವ್ಯಾಸಿಗಳ ನಡುವೆ ನಡೆಯುತ್ತಿರುವ ವಿವಾದವು ಈ ಚರಿತ್ರೆಯಷ್ಟೇ ಹಳೆಯದು. 2025ರಲ್ಲಿ ಬಳಕೆಗೆ ಬಂದ ಮೆಶ್‌ಕೋರ್ ಎಂಬ ತಂತ್ರಾಂಶದಲ್ಲಿ ಜೇಬಿನಲ್ಲಿಟ್ಟುಕೊಳ್ಳುವ ರೇಡಿಯೊಗಳು ಪರರ ಮಾತನ್ನು ಹೊರುವುದಿಲ್ಲ. ಎತ್ತರದಲ್ಲಿ ಸ್ಥಾಪಿಸಿದ ರಿಪೀಟರುಗಳು ಮಾತ್ರ ಹೊರುವುವು, ಒಮ್ಮೆ ಕಂಡ ದಾರಿಯನ್ನು ಕಳುಹಿಸುವ ರೇಡಿಯೊ ನೆನಪಿಟ್ಟು ಅದರಲ್ಲಿಯೇ ಮುಂದಿನ ಸಂದೇಶವನ್ನು ಕಳುಹಿಸುವುದು. ಎಲ್ಲರೂ ಹೊರಬೇಕೆ, ನಿಯುಕ್ತರಾದ ಕೆಲವರು ಹೊರಬೇಕೆ ಎಂಬ ಈ ಪ್ರಶ್ನೆಗೆ ಒಂದೇ ಉತ್ತರವಿರಲಾರದೆಂದು ನನ್ನ ಮತ. ಮನೆಗೆ ಮನೆ ತಾಗಿದ ಜಯನಗರ ಮಲ್ಲೇಶ್ವರಗಳಂಥ ಬಡಾವಣೆಗಳಲ್ಲಿ ಪ್ರತಿಯೊಂದು ಡಬ್ಬಿಯೂ ಮರುನುಡಿಯಹೊರಟರೆ ಅಬ್ರಾಮ್ಸನ್ನರ 18 ಪಾಲೂ ಉಳಿಯದಾದುದರಿಂದ ಎತ್ತರದ ನಾಲ್ಕಾರು ತಾರಸಿಗಳಿಗೆ ಆ ಹೊಣೆಯನ್ನು ಬಿಟ್ಟು ಉಳಿದವರು ಮೌನವಹಿಸುವುದೇ ಲೇಸು. ಆದರೆ ಒಂದು ತೋಟದ ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡವೂ ಹೊಳೆಯೂ ಅಡ್ಡವಾಗಿ, ಆಷಾಢದ ಮಳೆಗೆ ಮರವುರುಳಿ ವಿದ್ಯುತ್ತೂ ಫೋನೂ ದಿನಗಟ್ಟಲೆ ನಿಂತುಹೋಗುವ ಮಲೆನಾಡಿನಲ್ಲಿ ಆರಿಸಿಕೊಳ್ಳುವಷ್ಟು ನೆಲೆಗಳೇ ಇರುವುದಿಲ್ಲ. ಅಲ್ಲಿ ಇರುವ ಒಂದೊಂದು ಮನೆಯೂ ನೆರೆಯವರ ಮಾತನ್ನು ಹೊರಲೇಬೇಕು.