ಒತ್ತಿದರೆ ತಿಳಿಯುತ್ತದೆ, ಸವರಿದರೆ ಇಲ್ಲ

ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ ಅವರ ಉಪನ್ಯಾಸಗಳು 1853ರಲ್ಲಿ ಪುಸ್ತಕವಾಗಿ ಬಂದವು. ಅದರಲ್ಲೊಬ್ಬ ಹುಡುಗನ ಪ್ರಸ್ತಾಪವಿದೆ. ಮಣಿಕಟ್ಟಿನ ಬಳಿ ಕೈ ಬಹುಪಾಲು ತುಂಡಾಗಿ, ಹೆಬ್ಬೆರಳು, ತೋರುಬೆರಳುಗಳಿಗೆ ಸ್ಪರ್ಶ ಕೊಡುವ ಮೀಡಿಯನ್ ನರ ಕತ್ತರಿಸಿಹೋಗಿತ್ತು. ಕೆಲವೇ ವಾರಗಳಲ್ಲಿ ಅಲ್ಲಿ ಸ್ಪರ್ಶ ಮರಳಿತು ಎನ್ನುತ್ತದೆ ದಾಖಲೆ.

ನನಗೆ ತೊಡಕಾದದ್ದು ಆ ‘ಕೆಲವೇ ವಾರ’. 1850ರಲ್ಲೇ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರ ಕತ್ತರಿಸಿ, ತುಂಡಾದಲ್ಲಿಂದಾಚೆಯ ಎಳೆಗಳು ನಶಿಸುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ಹೊಲಿದರೂ ಹೊಸ ಎಳೆ ಮೇಲಿನಿಂದ ಬೆಳೆದೇ ಬರಬೇಕು, ದಿನಕ್ಕೆ ಸುಮಾರು 1 ಮಿಲಿಮೀಟರ್. ಬೆರಳ ತುದಿ ಮುಟ್ಟಲು ತಿಂಗಳುಗಳು ಬೇಕು. ಪ್ಯಾಜೆಟ್ ಕಣ್ಣು ಚುರುಕಾದ ವೈದ್ಯ. ಮೂಳೆಯ ಕಾಯಿಲೆಯೊಂದು ಇಂದಿಗೂ ಅವರ ಹೆಸರಲ್ಲಿದೆ. ಅವರ ಮಾತನ್ನು ಸುಮ್ಮನೆ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ.

ಲಿಯೋನ್ ನಗರದ ಶಸ್ತ್ರವೈದ್ಯ ಲೆಟಿಯೆವಾಂ 1873ರಲ್ಲಿ ಒಂದು ಉತ್ತರ ಕೊಟ್ಟರು: ಸ್ಪರ್ಶ ಬಂದದ್ದು ಅಕ್ಕಪಕ್ಕದ ನರಗಳಿಂದ. ಅಂಗೈ ಅಂಚಿಗೆ ಇದು ಒಪ್ಪುತ್ತದೆ. ಆದರೆ ತೋರುಬೆರಳ ತುದಿ ಹೆಚ್ಚುಕಡಿಮೆ ಮೀಡಿಯನ್ ನರದ್ದೇ. ಅಲ್ಲಿ ಈ ಉತ್ತರ ಸಾಲದು.

ದಾರಿ ಸಿಕ್ಕಿದ್ದು ‘ಬ್ರೇನ್’ ಪತ್ರಿಕೆಯ 1908ರ ಸಂಪುಟದಲ್ಲಿ. ನರವೈದ್ಯ ಹೆನ್ರಿ ಹೆಡ್, ರೋಗಿಗಳ ಮಾತಷ್ಟನ್ನೇ ನಂಬಿ ಕೂರಲಾರದೆ, 1903ರ ಏಪ್ರಿಲ್ 25ರಂದು ತಮ್ಮ ಎಡಗೈಯ ಎರಡು ಚರ್ಮದ ನರಗಳನ್ನು ಕತ್ತರಿಸಿ ರೇಷ್ಮೆ ದಾರದಲ್ಲಿ ಹೊಲಿಸಿಕೊಂಡರು. ಮುಂದೆ ನಾಲ್ಕು ವರ್ಷ ಪರೀಕ್ಷಿಸಿದವರು ಕೇಂಬ್ರಿಜ್‌ನ ರಿವರ್ಸ್, ನೀಲಗಿರಿಯ ತೋಡರ ಬಗ್ಗೆ ಗ್ರಂಥ ಬರೆದವರು. ಹೆಡ್ ಕಣ್ಣು ಮುಚ್ಚಿ ಕೂರುತ್ತಿದ್ದರು. ಗಾಜಿಗೆ ಮಂಜುಗಡ್ಡೆ ತಾಗಿದ ಸದ್ದು, ಒಲೆಯಿಂದ ಕೆಟಲ್ ಇಳಿಸಿದ ಸದ್ದು ಕಿವಿಗೆ ಬಿದ್ದರೆ ಸಾಕು, ಉತ್ತರ ಆ ಕಡೆಗೆ ವಾಲುತ್ತಿತ್ತು. ಅದನ್ನರಿತ ರಿವರ್ಸ್ ಬಿಸಿ, ತಣ್ಣೀರುಗಳನ್ನು ಮೊದಲೇ ಕೈಗೆಟಕುವಂತೆ ಇಟ್ಟುಕೊಂಡು ಸದ್ದಿಲ್ಲದೆ ಬೆರೆಸುತ್ತಿದ್ದರು. ಈ ವರದಿಯ ಮೇಲೆ ನನಗೆ ಭರವಸೆ ಮೂಡಿದ್ದು ಈ ವಿವರ ಓದಿದಾಗ.

ನರ ಕತ್ತರಿಸಿದ ಭಾಗದಲ್ಲಿ ಹತ್ತಿ ಸವರಿದರೆ ತಿಳಿಯಲಿಲ್ಲ, ಸೂಜಿ ಚುಚ್ಚಿದರೆ ನೋವಿಲ್ಲ. ಪೆನ್ಸಿಲ್ಲಿನಿಂದ ಒತ್ತಿದರೆ ಮಾತ್ರ ತಿಳಿಯಿತು. ಎಲ್ಲಿ ಒತ್ತಿದ್ದೆಂದು ಹೇಳಲೂ ಆಯಿತು! ಒತ್ತಡದ ಅರಿವು ಚರ್ಮದ ನರಗಳನ್ನು ಬಿಟ್ಟು ಸ್ನಾಯುಗಳ ನರಗಳ ಜೊತೆ ಸಾಗುತ್ತದೆ. ಹಳೆಯ ವೈದ್ಯರು ಬೆರಳಿನಿಂದ ಒತ್ತಿ ‘ಸ್ಪರ್ಶ ಮರಳಿದೆ’ ಎಂದು ಬರೆದಿದ್ದರೆ ಅದು ಸುಳ್ಳಲ್ಲ. ಆದರೆ ಆ ಸ್ಪರ್ಶ ಹೋಗಿಯೇ ಇರಲಿಲ್ಲ.

ಪ್ಯಾಜೆಟ್‌ರ ಹುಡುಗನಿಗೂ ಇದು ಒಪ್ಪುತ್ತದೆಯೇ? ಇಲ್ಲಿ ತಡೆಯಬೇಕಾಯಿತು. ಈ ಆಳದ ನರಗಳು ಸ್ನಾಯುರಜ್ಜುಗಳ ಗುಂಟ ಹೋಗುತ್ತವೆ, ರಜ್ಜು ತುಂಡಾದರೆ ಒತ್ತಡದ ಅರಿವೂ ಹೋಗುತ್ತದೆ ಎಂದು ಹೆಡ್ ಮತ್ತು ಶಸ್ತ್ರವೈದ್ಯ ಶೆರೆನ್ 1905ರಲ್ಲೇ ಬರೆದಿದ್ದರು. ಮಣಿಕಟ್ಟಿನಲ್ಲಿ ಮೀಡಿಯನ್ ನರ ಇರುವುದೇ ರಜ್ಜುಗಳ ನಡುವೆ. ಅಷ್ಟು ದೊಡ್ಡ ಗಾಯದಲ್ಲಿ ಅವು ಉಳಿದಿದ್ದವೆಂದು ನಂಬುವುದು ಕಷ್ಟ. ಹಾಗಾಗಿ ಗಾಜು ಚುಚ್ಚಿದಂಥ ಸಣ್ಣ ಗಾಯಗಳಿಗೆ ಹೆಡ್ ವಿವರಣೆಯನ್ನು ಧೈರ್ಯವಾಗಿ ಅನ್ವಯಿಸುತ್ತೇನೆ. ಈ ಹುಡುಗನ ಮಟ್ಟಿಗೆ, ಅರೆಕೊರೆಯಾದರೂ, ಲೆಟಿಯೆವಾಂ ಕಡೆಗೇ ವಾಲುತ್ತೇನೆ.

1909ರಲ್ಲಿ ಶಸ್ತ್ರವೈದ್ಯರಾದ ಟ್ರಾಟರ್ ಮತ್ತು ಮಾರಿಸ್ಟನ್ ಡೇವಿಸ್ ತಮ್ಮದೇ ನರಗಳನ್ನು ಕತ್ತರಿಸಿಕೊಂಡು, ಚರ್ಮದ ಅರಿವಿನಲ್ಲಿ ಒರಟು, ನಯ ಎಂಬ ಎರಡು ವ್ಯವಸ್ಥೆಗಳಿವೆ ಎಂಬ ಹೆಡ್ ಸಿದ್ಧಾಂತವನ್ನು ಅಲ್ಲಗಳೆದರು. ಅವರ ವಾದವೇ ಗಟ್ಟಿ ಎಂದು ನನ್ನ ಎಣಿಕೆ. ಆದರೂ ಪೆನ್ಸಿಲ್ಲಿನ ಸಂಗತಿ ಆ ಸಿದ್ಧಾಂತವನ್ನು ಆತುಕೊಂಡಿಲ್ಲ. ಚರ್ಮದ ನರವಷ್ಟೇ ತುಂಡಾದ ಯಾವ ಕೈಯ ಮೇಲಾದರೂ ಅದನ್ನು ಮತ್ತೆ ಪರೀಕ್ಷಿಸಬಹುದು.